ಹಳೆಯ ಸಿಗರೇಟಿನ ಹೊಗೆಸೊಪ್ಪು ನಿಜವಾಗಿಯೂ ಒಳ್ಳೆಯದಿತ್ತೇ, ಅಥವಾ ಹಿರಿಯರ ನಾಲಗೆಯ ಭ್ರಮೆಯೇ?

ಕುಂಬಳೆ_ಗೂಡಂಗಡಿ
ನನ್ನದು ಕುಂಬಳೆ ಪೇಟೆಯಲ್ಲೊಂದು ಸಣ್ಣ ಗೂಡಂಗಡಿ. ಸಿಗರೇಟು ಮಾರುತ್ತೇನೆ, ಸೇದುವುದಿಲ್ಲ. ಹಾಗಾಗಿ ಅದರ ರುಚಿಯ ಬಗ್ಗೆ ಯಾರು ಏನು ಹೇಳಿದರೂ ತಲೆ ಆಡಿಸುವುದಷ್ಟೇ ನನ್ನ ಕೆಲಸ. ಎಪ್ಪತ್ತು ದಾಟಿದ ಕೆಲವು ಗಿರಾಕಿಗಳಿದ್ದಾರೆ. ಅವರಲ್ಲಿ ಒಬ್ಬರಂತೂ ಹಚ್ಚುವ ಮೊದಲು ಸಿಗರೇಟನ್ನು ಕಿವಿಯ ಹತ್ತಿರ ಹಿಡಿದು ಬೆರಳುಗಳ ನಡುವೆ ಹೊರಳಿಸುತ್ತಾರೆ, ತುದಿಯಿಂದ ಉದುರಿದ್ದನ್ನು ಅಂಗೈಯಲ್ಲಿ ಹರಡಿ ನನಗೆ ತೋರಿಸುತ್ತಾರೆ: "ನೋಡು, ಇದರಲ್ಲಿ ಎಲೆ ಎಲ್ಲಿದೆ? ಬರೀ ಕಡ್ಡಿ, ಹುಡಿ." ಕಳೆದ ವಾರ ಅವರು ಹೇಳಿದ ಕಡೆ ನಾನೂ ನೋಡಿದೆ. ಕಂದು ಎಳೆಗಳ ನಡುವೆ ಬಿಳಿಚಿಕೊಂಡ ಚಪ್ಪಟೆ ಚೂರುಗಳು ಇದ್ದದ್ದು ನಿಜ.

ತಿಳಿದವರು ಹೇಳಿ. ಸಿಗರೇಟಿನ ಹೊಗೆಸೊಪ್ಪಿನ ಗುಣಮಟ್ಟ ನಿಜವಾಗಿ ಇಳಿದಿದೆಯೇ? ಇದು ಬರುವುದಾದರೂ ಎಲ್ಲಿಂದ? ನಮ್ಮ ಕಾಸರಗೋಡಿನಲ್ಲಿಯೂ ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದರು ಎಂದು ಕೇಳಿದ್ದೇನೆ, ಅದು ಸಿಗರೇಟಿಗೆ ಹೋಗುತ್ತಿತ್ತೇ?

ಮಂಜೇಶ್ವರ_ಮೇಲ್
ಹಿರಿಯರಿಗೆ ಈಗಿನ ಕುಚ್ಚಲಕ್ಕಿ ಹಿಡಿಸುವುದಿಲ್ಲ, ಬಂಗುಡೆ ಹಿಡಿಸುವುದಿಲ್ಲ, ಯಕ್ಷಗಾನದ ಭಾಗವತರು ಹಿಡಿಸುವುದಿಲ್ಲ. ಸಿಗರೇಟು ಹಿಡಿಸಿದ್ದರೆ ಆಶ್ಚರ್ಯ ಪಡಬೇಕಿತ್ತು.

ಪಿರಿಯಾಪಟ್ಟಣದ_ಅಳಿಯ
ಬದಿಯಡ್ಕದವನು, ಹೆಂಡತಿಯ ಮನೆ ಪಿರಿಯಾಪಟ್ಟಣದ ಕಡೆ. ಮಾವನವರು ಹೊಗೆಸೊಪ್ಪು ಬೆಳೆಯುವವರು. ಬೆಳೆಯ ಕಡೆಯಿಂದ ನನಗೆ ತಿಳಿದಷ್ಟು ಹೇಳುತ್ತೇನೆ.

ಸಿಗರೇಟಿಗೆ ಹೋಗುವುದು ಮುಖ್ಯವಾಗಿ ವರ್ಜೀನಿಯಾ ತಳಿ. ಕರ್ನಾಟಕದಲ್ಲಿ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಅರಕಲಗೂಡು ಕಡೆಯ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಬೆಳೆಯುತ್ತಾರೆ. ಗಿಡದ ಎಲೆಗಳನ್ನೆಲ್ಲ ಒಂದೇ ಸಲ ಕೊಯ್ಯುವುದಿಲ್ಲ. ಕೆಳಗಿನ ಎಲೆ ಮೊದಲು ಹಣ್ಣಾಗುತ್ತದೆ, ಅದನ್ನು ಮುರಿದು, ವಾರ ಬಿಟ್ಟು ಅದರ ಮೇಲಿನದನ್ನು ಮುರಿಯುತ್ತಾರೆ. ಕಡ್ಡಿಗಳಿಗೆ ಕಟ್ಟಿ ಬ್ಯಾರನ್ ಎಂಬ ಒಣಗಿಸುವ ಮನೆಯೊಳಗೆ ಅಟ್ಟಗಳಲ್ಲಿ ತೂಗು ಹಾಕುತ್ತಾರೆ. ಹೊರಗೆ ಒಲೆ, ಅದರ ಬಿಸಿ ತಗಡಿನ ಕೊಳವೆಗಳ ಮೂಲಕ ಒಳಗೆ ಸುತ್ತುತ್ತದೆ. ಹೊಗೆ ಮಾತ್ರ ಎಲೆಗೆ ತಾಗುವಂತಿಲ್ಲ. ಮೊದಲು ಕಡಿಮೆ ಶಾಖದಲ್ಲಿ ಎಲೆ ಹಳದಿಯಾಗಬೇಕು, ಆಮೇಲೆ ಶಾಖ ಏರಿಸಿ ಎಲೆಯ ಹಾಳೆ ಒಣಗಿಸಬೇಕು, ಕೊನೆಗೆ 70 ಡಿಗ್ರಿಯ ಹತ್ತಿರ ತಂದು ನಡುನರ ಒಣಗಿಸಬೇಕು. ಇದೆಲ್ಲ ಮುಗಿಯಲು ಐದಾರು ದಿನ. ಅಷ್ಟು ದಿನವೂ ರಾತ್ರಿ ಯಾರಾದರೂ ಒಲೆಯ ಮುಂದೆ ಎದ್ದೇ ಇರಬೇಕು. ಶಾಖ ಬೇಗ ಏರಿದರೆ ಎಲೆಯಲ್ಲಿ ಹಸಿರು ಹಾಗೆಯೇ ಉಳಿಯುತ್ತದೆ, ತಡವಾದರೆ ಕಪ್ಪಾಗುತ್ತದೆ. ಎರಡಕ್ಕೂ ಹರಾಜಿನಲ್ಲಿ ಬೆಲೆ ಬೀಳುತ್ತದೆ.

ಸರಿಯಾಗಿ ಬೆಂದ ಎಲೆ ನಿಂಬೆಹಳದಿಯಿಂದ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಸಕ್ಕರೆ ಅಂಶ ಹೆಚ್ಚಿರುತ್ತದೆ. ಸಿಗರೇಟಿನ ಹೊಗೆ ಬೀಡಿಯಷ್ಟು ಗಂಟಲು ಕೆರೆಯದಿರುವುದಕ್ಕೆ ಅದೇ ಕಾರಣ. ಮೈಸೂರು ಭಾಗದ ಎಲೆ ಸೌಮ್ಯ, ನಿಕೋಟಿನ್ ಕಡಿಮೆ. ಬೇರೆ ಕಡು ಎಲೆಗಳ ಜೊತೆ ಬೆರೆಸಲು ಅನುಕೂಲ ಎಂದು ಹೊರದೇಶದವರೂ ಕೊಳ್ಳುತ್ತಾರೆ.

ಬಾಯಾರು_ಭಾವ
ಅಲ್ಲಿಗೆ ವಿಷಯ ಸ್ಪಷ್ಟವಾಯಿತಲ್ಲ. ಒಳ್ಳೆಯ ಎಲೆ ಹಡಗು ಹತ್ತುತ್ತದೆ, ಕಸ ಕುಂಬಳೆಗೆ ಬರುತ್ತದೆ. ಅಡಿಕೆಯಲ್ಲಿಯೂ ಹೀಗೆಯೇ, ಗೋಡಂಬಿಯಲ್ಲಿಯೂ ಹೀಗೆಯೇ. ಬೆಳೆಯುವವನಿಗೆ ಉಳಿಯುವುದು ಒಡಕು.

ಪಿರಿಯಾಪಟ್ಟಣದ_ಅಳಿಯ
ಭಾವ, ಅಷ್ಟು ಸುಲಭವಲ್ಲ. ಬೆಳೆಯ ದೊಡ್ಡ ಪಾಲು ರಫ್ತಾಗುವುದು ಹೌದು. ಆದರೆ ಹರಾಜು ಕಟ್ಟೆಯಲ್ಲಿ ದೇಶದ ಸಿಗರೇಟು ಕಂಪನಿಯವರೂ ಪೈಪೋಟಿಗೆ ನಿಂತು ಮೇಲ್ದರ್ಜೆಯ ಎಲೆಯನ್ನೇ ಎತ್ತುತ್ತಾರೆ. ದುಬಾರಿ ಸಿಗರೇಟಿಗೆ ಅದು ಬೇಕೇಬೇಕು. 1984ಕ್ಕೆ ಮೊದಲು ಕರ್ನಾಟಕದಲ್ಲಿ ಈ ಹರಾಜೂ ಇರಲಿಲ್ಲ, ವ್ಯಾಪಾರಿ ಹೇಳಿದ್ದೇ ದರ್ಜೆ, ಹೇಳಿದ್ದೇ ಬೆಲೆ. ತಂಬಾಕು ಮಂಡಳಿ 1976ರಲ್ಲಿ ಗುಂಟೂರಿನಲ್ಲಿ ಶುರುವಾದರೂ ಹರಾಜು ಬರಲು ಅಷ್ಟು ವರ್ಷ ಹಿಡಿಯಿತು. ಮಾವನವರು ಆ ಹಳೆಯ ದಿನಗಳ ಮಾತು ಬಂದರೆ ಎಲೆ ಅಡಿಕೆ ಉಗಿದು ಬಂದು ಕೂರುತ್ತಾರೆ, ಅಷ್ಟು ಸಿಟ್ಟು.

ಉಪ್ಪಳ_ಎಂಜಿನಿಯರ್
ಗೂಡಂಗಡಿಯವರು ನೋಡಿದ ಬಿಳಿಚಿದ ಚಪ್ಪಟೆ ಚೂರು ಎಲೆಯ ನಡುನರ. ಕಸವೆಂದು ಸೇರಿಕೊಂಡದ್ದಲ್ಲ, ಬೇಕೆಂದೇ ಸೇರಿಸಿದ್ದು. ಕಾಗದ ಮತ್ತು ಪ್ಯಾಕಿಂಗ್ ಉದ್ಯಮದಲ್ಲಿ ಬಹಳ ಕಾಲ ದುಡಿದವನು ನಾನು, ಸಿಗರೇಟು ಕಾರ್ಖಾನೆಗಳ ಜೊತೆ ವ್ಯವಹಾರವಿತ್ತು. ಮೂರು ಸಂಗತಿ ತಿಳಿದುಕೊಂಡರೆ ನಿಮ್ಮ ಗಿರಾಕಿಯ ಮಾತು ಅರ್ಥವಾಗುತ್ತದೆ.

ಮೊದಲನೆಯದು, ನರ. ಹಿಂದೆ ನರ ಬೇರ್ಪಡಿಸಿ ಎಸೆಯುತ್ತಿದ್ದರು ಅಥವಾ ಅಗ್ಗಕ್ಕೆ ಮಾರುತ್ತಿದ್ದರು. ಈಗ ಅದನ್ನು ಹಬೆಯಲ್ಲಿ ಮೆದು ಮಾಡಿ, ರೋಲರ್ ನಡುವೆ ಚಪ್ಪಟೆ ಮಾಡಿ, ಸೀಳಿ, ಉಬ್ಬಿಸಿ ಎಲೆಯ ಜೊತೆ ಬೆರೆಸುತ್ತಾರೆ. ಎರಡನೆಯದು, ಹುಡಿ. ಎಲೆ ಕತ್ತರಿಸುವಾಗ ಬೀಳುವ ದೂಳು, ಚೂರು, ಉಳಿದ ನರ ಎಲ್ಲವನ್ನೂ ನೀರಿನಲ್ಲಿ ಕಲಸಿ, ಕಾಗದ ಮಾಡುವಂತೆಯೇ ಹಾಳೆ ಎಳೆದು, ಒಣಗಿಸಿ, ಮತ್ತೆ ಎಳೆಗಳಾಗಿ ಕತ್ತರಿಸುತ್ತಾರೆ. ಇದು ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ರೂಢಿಗೆ ಬಂದ ವಿದ್ಯೆ. ಮೂರನೆಯದು, ಉಬ್ಬಿಸುವುದು. ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಸಿ ಹಠಾತ್ತನೆ ಬಿಸಿ ಮಾಡಿದರೆ ಎಲೆಯ ಕಣಗಳು ಅರಳಿನಂತೆ ಉಬ್ಬುತ್ತವೆ. ಕಡಿಮೆ ತೂಕದ ಹೊಗೆಸೊಪ್ಪು ಹೆಚ್ಚು ಜಾಗ ತುಂಬುತ್ತದೆ. 1950ರ ದಶಕದ ಸಿಗರೇಟಿಗೆ ಹೋಲಿಸಿದರೆ ಇವತ್ತಿನದರಲ್ಲಿ ಹೊಗೆಸೊಪ್ಪಿನ ತೂಕವೇ ಗಣನೀಯವಾಗಿ ಕಡಿಮೆ.

ಆದ್ದರಿಂದ ಅಜ್ಜನ ಕಿವಿ ಸರಿಯಾಗಿಯೇ ಇದೆ. ಗದ್ದೆಯಲ್ಲಿ ಬೆಳೆಯುವ ಎಲೆ ಕೆಟ್ಟಿಲ್ಲ, ಅದು ಸಿಗರೇಟಿನ ಕೊಳವೆಯೊಳಗೆ ಹೋಗುವ ದಾರಿ ಬದಲಾಗಿದೆ.

ಮಂಜೇಶ್ವರ_ಮೇಲ್
ಒಂದು ಸಿಗರೇಟು ಕೊಂಡರೆ ಕಾಲು ಭಾಗ ಗಾಳಿ ಉಚಿತ.

ಉಪ್ಪಳ_ಎಂಜಿನಿಯರ್
ಉಚಿತವಲ್ಲ, ಅದಕ್ಕೂ ತೆರಿಗೆ ಕೊಡುತ್ತೀರಿ. ಅದನ್ನೂ ಹೇಳಿಬಿಡುತ್ತೇನೆ. 1987ರವರೆಗೆ ನಮ್ಮಲ್ಲಿ ಸಿಗರೇಟಿನ ಅಬಕಾರಿ ಸುಂಕ ಬೆಲೆಯ ಮೇಲೆ ಇತ್ತು. ಬೆಲೆ ಎಷ್ಟು ಎಂಬುದರ ಮೇಲೆಯೇ ಕಂಪನಿಗಳಿಗೂ ಸರ್ಕಾರಕ್ಕೂ ಮೊಕದ್ದಮೆ. ಆ ವರ್ಷದಿಂದ ಉದ್ದದ ಮೇಲೆ ಸುಂಕ ಬಂತು, ಇಷ್ಟು ಮಿಲಿಮೀಟರ್‌ವರೆಗೆ ಸಾವಿರಕ್ಕೆ ಇಷ್ಟು ಎಂದು. ಆಮೇಲೆ ಕಂಪನಿಯವರ ತಲೆ ಓಡಿದ್ದು ಎಲೆಯ ಕಡೆಗಲ್ಲ, ಅಳತೆಪಟ್ಟಿಯ ಕಡೆಗೆ. 2012ರ ಬಜೆಟ್ಟಿನಲ್ಲಿ 65 ಮಿಲಿಮೀಟರಿನ ಕೆಳಗೆ ಹೊಸ ದರ್ಜೆ ಬಂದದ್ದೇ ತಡ, 64 ಮಿಲಿಮೀಟರಿನ ಸಿಗರೇಟುಗಳು ಅಂಗಡಿಗೆ ಬಂದವು. ಗೂಡಂಗಡಿಯವರೇ, ನಿಮ್ಮಲ್ಲಿರುವ ಅಗ್ಗದ ಪ್ಯಾಕೊಂದನ್ನು ತೆಗೆದು ಸ್ಕೇಲ್ ಹಿಡಿಯಿರಿ.

ಕುಂಬಳೆ_ಗೂಡಂಗಡಿ
ಹಿಡಿದೆ. ಮಗನ ಕಂಪಾಸು ಪೆಟ್ಟಿಗೆಯ ಸ್ಕೇಲ್. 64ಕ್ಕೆ ಸರಿಯಾಗಿ ನಿಂತಿತು. ಇಷ್ಟು ವರ್ಷ ಮಾರಿದರೂ ಇದು ಗೊತ್ತಿರಲಿಲ್ಲ ಮಾರಾಯರೇ.

ಪೆರ್ಲ_ಮಾಸ್ತರು
ಹೊಗೆಸೊಪ್ಪಿನ ಗುಣಮಟ್ಟವನ್ನು ತೆರಿಗೆ ನಿರ್ಧರಿಸುವುದು 1987ರಲ್ಲಿ ಹುಟ್ಟಿದ್ದಲ್ಲ. ನಮ್ಮ ನೆಲದಲ್ಲೇ ಅದಕ್ಕೆ ಹಳೆಯ ಉದಾಹರಣೆ ಇದೆ, ಯಾರೂ ಹೇಳುವುದಿಲ್ಲವಲ್ಲ ಎಂಬುದೇ ನನ್ನ ಬೇಸರ.

ಟಿಪ್ಪುವಿನ ಪತನದ ನಂತರ 1799ರಲ್ಲಿ ಕಾಸರಗೋಡು ಸೇರಿದಂತೆ ಕೆನರಾ ಎಂಬ ಕರಾವಳಿ ಸೀಮೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಗೆ ಬಂತು. ಮುಂದಿನ ವರ್ಷಗಳಲ್ಲಿ ಮಲಬಾರ್ ಮತ್ತು ಕೆನರಾದಲ್ಲಿ ಹೊಗೆಸೊಪ್ಪಿನ ವ್ಯಾಪಾರವನ್ನು ಸರ್ಕಾರವೇ ತನ್ನ ಏಕಸ್ವಾಮ್ಯ ಮಾಡಿಕೊಂಡಿತು. ಸರ್ಕಾರದ ಉಗ್ರಾಣದಿಂದ ಬಂದದ್ದನ್ನೇ ಸರ್ಕಾರ ಹೇಳಿದ ಬೆಲೆಗೆ ಕೊಳ್ಳಬೇಕು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿನ ಚೂರಿಲ್ಲದೆ ಊಟ ಇಳಿಯದ ಕರಾವಳಿಯ ಕೂಲಿಯಾಳಿಗೆ ಇದು ಉಪ್ಪಿನ ತೆರಿಗೆಯಷ್ಟೇ ಭಾರವಾಗಿತ್ತು. 1837ರಲ್ಲಿ ಕಂಪನಿಯ ವಿರುದ್ಧ ಎದ್ದ ಕಲ್ಯಾಣಪ್ಪನ ದಂಗೆಯವರು ಸುಳ್ಯದಿಂದ ಇಳಿದು ಮಂಗಳೂರನ್ನು ಹಿಡಿದರಲ್ಲ, ಆಗ ಜನರ ಸಿಟ್ಟಿಗೆ ಕಂದಾಯದ ಜೊತೆ ಉಪ್ಪು, ಹೊಗೆಸೊಪ್ಪಿನ ಈ ಏಕಸ್ವಾಮ್ಯವೂ ಕಾರಣವಾಗಿತ್ತು. ಅದು ರದ್ದಾದದ್ದು 1853ರಲ್ಲಿ. ಅಲ್ಲಿಯವರೆಗೆ ಕಳ್ಳಸಾಗಣೆಯ ಹೊಗೆಸೊಪ್ಪು ಘಟ್ಟ ಇಳಿಯುತ್ತಲೇ ಇತ್ತು. ಏಕಸ್ವಾಮ್ಯ ಇದ್ದ ಕಡೆ ಕಳ್ಳದಾರಿ ತಾನಾಗಿಯೇ ಹುಟ್ಟುತ್ತದೆ.

ಇನ್ನೂ ಹಿಂದಕ್ಕೆ ಹೋದರೆ, ಹೊಗೆಸೊಪ್ಪು ಮೊಗಲರ ಆಸ್ಥಾನ ತಲುಪಿದ್ದು ನಮ್ಮ ವಿಜಾಪುರದಿಂದ. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಆದಿಲ್‌ಶಾಹಿ ರಾಜಧಾನಿಯಲ್ಲಿ ಇದನ್ನು ಕಂಡು, ರತ್ನ ಕೂರಿಸಿದ ನಳಿಗೆಯೊಂದಿಗೆ ಆಗ್ರಾಕ್ಕೆ ಕೊಂಡೊಯ್ದ. ಬಾದಶಹ ಒಂದೆರಡು ದಮ್ಮು ಎಳೆದ, ವೈದ್ಯರು ಬೇಡವೆಂದರು. ಮಗ ಜಹಾಂಗೀರ್ 1617ರಲ್ಲಿ ನಿಷೇಧದ ಆಜ್ಞೆಯನ್ನೇ ಹೊರಡಿಸಿದ. ಯಾರು ಕೇಳಿದರು?

ತಾಳವಾಡಿ_ತಿಮ್ಮ
ಮಾಸ್ತರೇ, ನಮಸ್ಕಾರ. ತಾಳವಾಡಿಯಿಂದ ಬರೆಯುತ್ತಿದ್ದೇನೆ, ಈರೋಡು ಜಿಲ್ಲೆ, ತಮಿಳುನಾಡಿನ ಕನ್ನಡಿಗ. ನಿಮ್ಮ ಕಂಪನಿ ಉಗ್ರಾಣಕ್ಕೆ ಹೊಗೆಸೊಪ್ಪು ಬರುತ್ತಿದ್ದದ್ದು ನಮ್ಮ ಕೊಯಮತ್ತೂರು ಸೀಮೆಯಿಂದ. ಇವತ್ತಿಗೂ ಸತ್ಯಮಂಗಲ, ಭವಾನಿ ಕಡೆ ಜಗಿಯುವ ಹೊಗೆಸೊಪ್ಪು ಬೆಳೆಯುತ್ತಾರೆ. ದಪ್ಪ ಎಲೆ, ಕಡು ವಾಸನೆ, ಬಾವಿ ನೀರು. ಕೇರಳದ ವ್ಯಾಪಾರಿಗಳೇ ಅದಕ್ಕೆ ಹಳೆಯ ಗಿರಾಕಿಗಳು. ಸಿಗರೇಟಿಗೆ ಅದು ಕೆಲಸಕ್ಕೆ ಬಾರದು. ಹೊಗೆಸೊಪ್ಪು ಎಂದರೆ ಎಲ್ಲವೂ ಒಂದೇ ಎಂದು ತಿಳಿದವರು ಒಮ್ಮೆ ಅದನ್ನು ಬಾಯಿಗೆ ಹಾಕಿ ನೋಡಲಿ.

ಬಾಯಾರು_ಭಾವ
ಹಾಕಿದ್ದೇನೆ. ಮದುವೆ ಮನೆಯ ಹರಿವಾಣದಲ್ಲಿ. ಚಪ್ಪರದ ಕಂಬ ಹಿಡಿದು ನಿಂತೆ.

ಹೊಸದುರ್ಗದವಳು
ಕಾಸರಗೋಡಿನ ಬೆಳೆಯ ಬಗ್ಗೆ ಕೇಳಿದ್ದೀರಿ, ಅದಕ್ಕೆ ಯಾರೂ ಉತ್ತರಿಸಲಿಲ್ಲ. ನಮ್ಮದು ಅಜಾನೂರಿನ ಕಡೆ. ಕೇರಳದಲ್ಲಿ ಹೊಗೆಸೊಪ್ಪು ಬೆಳೆಯುವ ಜಿಲ್ಲೆ ಎಂದರೆ ಕಾಸರಗೋಡೇ. ಅದರಲ್ಲೂ ಪಳ್ಳಿಕ್ಕೆರೆ, ಅಜಾನೂರು ಭಾಗದ ಸಮುದ್ರದಂಚಿನ ಮರಳುಗದ್ದೆಗಳಲ್ಲಿ. ಭತ್ತದ ಕೊಯ್ಲಾದ ಮೇಲೆ ಸಸಿ ನೆಟ್ಟು, ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹೊತ್ತು ಬುಡಕ್ಕೆ ಹೊಯ್ಯುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಎಲೆ ಅಂಟು, ಮುಟ್ಟಿದ ಕೈಯನ್ನು ಸೀಗೆಯಲ್ಲಿ ತಿಕ್ಕಿದರೂ ಕಹಿ ಹೋಗುವುದಿಲ್ಲ. ಅದೆಲ್ಲ ಎಲೆ ಅಡಿಕೆಯ ಜೊತೆ ಜಗಿಯಲು. ಸಿಗರೇಟಿಗೆ ಹೋಗುವ ಮಾತೇ ಇಲ್ಲ. ಈಗ ಬಹುತೇಕ ನಿಂತಿದೆ. ನೀರು ಹೊರುವ ಜನರಿಲ್ಲ, ಜಗಿಯುವವರೂ ಕಡಿಮೆಯಾದರು.

ಆದರೆ ನೀವೆಲ್ಲ ಗಂಡಸರು ಸಿಗರೇಟು ಸಿಗರೇಟು ಎಂದು ಕೂತಿದ್ದೀರಿ. ಈ ಊರಿನ ಮನೆಗಳ ಅನ್ನ ಬೆಂದದ್ದು ಬೀಡಿಯಿಂದ. ಅಮ್ಮ ರಾತ್ರಿ ಬೀಡಿ ಸುತ್ತುವ ಎಲೆಯ ಕಟ್ಟನ್ನು ನೀರಿಗೆ ಹಾಕಿ, ಒದ್ದೆ ಗೋಣಿಯಲ್ಲಿ ಸುತ್ತಿ ಇಡುತ್ತಿದ್ದಳು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು, ಮಡಿಲಲ್ಲಿ ಗೆರಸೆ, ಗೆರಸೆಯ ಒಂದು ಬದಿಯಲ್ಲಿ ಎಲೆ, ಇನ್ನೊಂದು ಬದಿಯಲ್ಲಿ ಹುಡಿ. ಚಿಟಿಕೆ ಹುಡಿ ಹರಡಿ, ಸುರುಳಿ ಸುತ್ತಿ, ಅಗಲದ ತುದಿಯನ್ನು ಉಗುರಿನಿಂದ ಒಳಗೆ ಮಡಚಿ, ಸಪೂರ ತುದಿಗೆ ನೂಲು. ಮಾತನಾಡುತ್ತಲೇ ಸಾವಿರ ಬೀಡಿ. ಸಾವಿರಕ್ಕೆ ಹುಡಿ ಕಾಲು ಕಿಲೋದ ಆಸುಪಾಸು. ಹೆಚ್ಚು ತುಂಬಿದರೆ ಹುಡಿ ಸಾಲದು, ಕಡಿಮೆ ತುಂಬಿದರೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕಟ್ಟನ್ನು ಹಿಡಿದು ನೋಡಿ ಹಿಂದಕ್ಕೆ ತಳ್ಳುತ್ತಾರೆ. ಗುಣಮಟ್ಟ ಎಂದರೆ ಏನೆಂದು ಅಮ್ಮನ ಹೆಬ್ಬೆರಳಿಗೆ ಗೊತ್ತಿತ್ತು.

ಕುಂಬಳೆ_ಗೂಡಂಗಡಿ
ಅಕ್ಕ, ನೀವು ಹೇಳಿದ್ದು ಸರಿ. ನನ್ನ ಚಿಕ್ಕಮ್ಮನವರ ಮಕ್ಕಳು ಕಲಿತದ್ದು ಬೀಡಿ ಕಾರ್ಮಿಕರ ಮಕ್ಕಳಿಗೆ ಕಲ್ಯಾಣ ನಿಧಿಯಿಂದ ಬರುತ್ತಿದ್ದ ವಿದ್ಯಾರ್ಥಿವೇತನದಲ್ಲಿ. ದಿನೇಶ್ ಬೀಡಿಯ ಕಥೆಯನ್ನೂ ಹೇಳಿ, ನಿಮ್ಮ ಕಡೆಯದು.

ಹೊಸದುರ್ಗದವಳು
ನನಗಿಂತ ಚೆನ್ನಾಗಿ ಅಪ್ಪ ಹೇಳುತ್ತಿದ್ದರು. ಆಗ ಕಾಸರಗೋಡು ಕಣ್ಣೂರು ಜಿಲ್ಲೆಯ ತಾಲೂಕು. 1966ರಲ್ಲಿ ಬೀಡಿ ಮತ್ತು ಚುಟ್ಟಾ ಕಾರ್ಮಿಕರ ಕಾಯಿದೆ ಬಂತು. ರಜೆ, ಕೆಲಸದ ಸಮಯ, ಸೌಲಭ್ಯ ಎಲ್ಲ ಕೊಡಬೇಕು. ಕೇರಳ ಅದನ್ನು ಜಾರಿಗೆ ತಂದಾಗ 1968ರಲ್ಲಿ ಮಂಗಳೂರಿನ ಗಣೇಶ್ ಬೀಡಿಯವರು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದರು. ಸಾವಿರಾರು ಜನ ಬೀದಿಗೆ ಬಿದ್ದರು. 1969ರ ಫೆಬ್ರುವರಿಯಲ್ಲಿ ಕೆಲಸ ಕಳೆದುಕೊಂಡವರೇ ಸರ್ಕಾರದ ನೆರವಿನಿಂದ ಸಹಕಾರಿ ಸಂಘ ಕಟ್ಟಿದರು, ಅದು ದಿನೇಶ್. ಒಂದು ಕಾಲಕ್ಕೆ ನಲವತ್ತು ಸಾವಿರ ಮಂದಿಗೆ ಕೆಲಸ ಕೊಟ್ಟಿತ್ತು. ಸಾಲಾಗಿ ಕೂತು ಬೀಡಿ ಕಟ್ಟುವಾಗ ಒಬ್ಬರು ಎದ್ದು ಪತ್ರಿಕೆ ಓದುವುದು, ಉಳಿದವರು ಕೇಳುವುದು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಅಪ್ಪ ಮೂರನೇ ತರಗತಿಯವರು, ವಿಯೆಟ್ನಾಂ ಎಲ್ಲಿದೆ, ಅಲ್ಲಿ ಏನು ನಡೆಯಿತು ಎಂದು ನಮಗೆ ಹೇಳುತ್ತಿದ್ದರು.

ಬಾಯಾರು_ಭಾವ
ಇದಕ್ಕೆ ಇನ್ನೊಂದು ಮುಖವೂ ಇದೆ. ಕಾಯಿದೆ ಬಿಗಿಯಾದ ಕಡೆ ಕೆಲಸ ಗಡಿ ದಾಟಿತು. ತಲಪಾಡಿಯ ಆಚೆ ದಕ್ಷಿಣ ಕನ್ನಡದಲ್ಲಿ ಮನೆ ಮನೆಯಲ್ಲಿ ಬೀಡಿ ಕಟ್ಟುವುದು ಬೆಳೆಯಿತು. ಸಂಘ ಕಟ್ಟಿದ್ದು ದೊಡ್ಡದೇ, ಆದರೆ ಎಲ್ಲರಿಗೂ ಸಹಕಾರಿ ಸಿಗಲಿಲ್ಲ.

ಹೊಸದುರ್ಗದವಳು
ಗಡಿ ದಾಟಿದವರನ್ನು ಕೇಳಬೇಕಾದ ಪ್ರಶ್ನೆಯನ್ನು ಕಾಯಿದೆಯನ್ನು ಕೇಳುತ್ತಿದ್ದೀರಿ ನೀವು.

ಬಾಯಾರು_ಭಾವ
ಸರಿ ಅಕ್ಕ, ಅಡಿಕೆ ಸುಲಿಯಲು ಹೋಗುತ್ತೇನೆ.

ಗಡಹಿಂಗ್ಲಜ_ಗೌಡ
ಬೀಡಿಯ ಹುಡಿ ಎಲ್ಲಿಂದ ಬರುತ್ತದೆ ಎಂದು ಯಾರೂ ಹೇಳುತ್ತಿಲ್ಲವಲ್ಲ! ನಾನು ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದವನು, ನಿಪ್ಪಾಣಿ ನಮಗೆ ಪಕ್ಕದ ಸಂತೆ. ಕರಾವಳಿಯವರು ಕಟ್ಟುವ ಬೀಡಿಯ ಹುಡಿ ಗುಜರಾತಿನ ಚರೋತರದಿಂದ ಅಥವಾ ನಿಪ್ಪಾಣಿಯಿಂದ. ಸುತ್ತುವ ಎಲೆ ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾದ ಕಾಡಿನಿಂದ. ನಿಮ್ಮ ಊರಿನದು ಬೆರಳು ಮಾತ್ರ.

ನಿಪ್ಪಾಣಿಯ ಹೊಗೆಸೊಪ್ಪಿಗೆ ಬ್ಯಾರನ್ ಇಲ್ಲ, ಒಲೆ ಇಲ್ಲ. ಕಪ್ಪು ಮಣ್ಣಿನ ಬೆಳೆ, ಬಿಸಿಲಲ್ಲೇ ಒಣಗಿಸಿ, ಬಡಿದು ಜರ್ದಾ, ಅಂದರೆ ಬೀಡಿಯ ಹುಡಿ, ಮಾಡುವುದು. ವಖಾರಗಳಲ್ಲಿ, ಅಂದರೆ ಗೋದಾಮುಗಳಲ್ಲಿ, ಅದನ್ನು ಸಾಣಿಸುವವರು ಹೆಂಗಸರು, ಮೂಗಿಗೆ ಸೆರಗು ಕಟ್ಟಿಕೊಂಡು. ಬೀದಿಯಲ್ಲಿ ನಡೆದು ಹೋದರೆ ಹೊಸಬರಿಗೆ ಸೀನು ನಿಲ್ಲುವುದಿಲ್ಲ. ರೈತನ ಗೋಳು ಬೇರೆ. ಬೆಲೆ ಕಟ್ಟುವವನು ವ್ಯಾಪಾರಿ, ತೂಕ ಮಾಡುವವನು ವ್ಯಾಪಾರಿ, ಮಾದರಿಗೆಂದು ಎತ್ತಿಕೊಂಡದ್ದು ಯಾರ ಲೆಕ್ಕಕ್ಕೂ ಇಲ್ಲ. ಅದಕ್ಕೇ 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ಸಾವಿರಾರು ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಬಂದು ಕೂತರು. ಏಪ್ರಿಲ್‌ನಲ್ಲಿ ಪೊಲೀಸರು ಗೋಲಿಬಾರ್ ಮಾಡಿದರು, 12 ರೈತರು ಸತ್ತರು. ಮರಾಠಿ ಮಾತನಾಡುವವರು, ಕನ್ನಡ ಮಾತನಾಡುವವರು ಎಂದು ಗಡಿಯ ಜಗಳ ಜೋರಾಗಿದ್ದ ಕಾಲ ಅದು. ಹೆದ್ದಾರಿಯ ಮೇಲೆ ಯಾರೂ ಯಾರ ಭಾಷೆಯನ್ನೂ ಕೇಳಲಿಲ್ಲ ಎಂದು ನಮ್ಮ ಕಾಕಾ ಹೇಳುತ್ತಿದ್ದರು.

ಪೆರ್ಲ_ಮಾಸ್ತರು
ಗೌಡರೇ, ಇದನ್ನು ಬರೆದದ್ದಕ್ಕೆ ಧನ್ಯವಾದ. ಗಡಿ ಎಂದರೆ ಭಾಷೆಯ ಗಲಾಟೆ ಮಾತ್ರ ಎಂದುಕೊಂಡವರು ಓದಬೇಕು.

ಗಲ್ಫ್_ರಿಟರ್ನ್_ಮೊಗ್ರಾಲ್
ಇಷ್ಟೆಲ್ಲ ಬರೆದಿರಿ, 555 ಸಿಗರೇಟಿನ ಬಗ್ಗೆ ಒಂದು ಮಾತಿಲ್ಲ! ಎಂಬತ್ತರ ದಶಕದಲ್ಲಿ ದುಬೈಯಿಂದ ಬಂದವನ ಪೆಟ್ಟಿಗೆಯಲ್ಲಿ 555 ಇಲ್ಲದಿದ್ದರೆ ಊರಿನಲ್ಲಿ ಮರ್ಯಾದೆ ಇರಲಿಲ್ಲ. ಪೊಲೀಸಿಗೆ ಒಂದು ಪ್ಯಾಕು, ಮಾವನಿಗೆ ಒಂದು ಕಾರ್ಟನ್. ಅದರ ಪರಿಮಳ ಈಗಿನ ಯಾವುದರಲ್ಲೂ ಇಲ್ಲ. ಅದೇ ಮಾರ್ಲ್‌ಬರೊ ಕೊಟ್ಟರೆ ಊರಿನವರು ಮೂಗು ಮುರಿಯುತ್ತಿದ್ದರು. ಯಾಕೆ?

ಉಪ್ಪಳ_ಎಂಜಿನಿಯರ್
555 ಬ್ರಿಟಿಷ್ ಸಂಪ್ರದಾಯದ ಸಿಗರೇಟು, ವರ್ಜೀನಿಯಾ ಎಲೆಯದು. ನಮ್ಮ ದೇಶದ ದೊಡ್ಡ ಸಿಗರೇಟುಗಳೂ ಅದೇ ದಾರಿಯವು, ಯಾಕೆಂದರೆ 1910ರಲ್ಲಿ ಕಲ್ಕತ್ತದಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಶುರು ಮಾಡಿದವರು ಬ್ರಿಟಿಷರು. ಇವತ್ತಿನ ಐಟಿಸಿ ಅದೇ. ಗುಂಟೂರು ಸೀಮೆಯಲ್ಲಿ 1920ರ ದಶಕದಲ್ಲಿ ವರ್ಜೀನಿಯಾ ಬೆಳೆ ಬೇರೂರಿದ್ದೂ ಅವರ ಎಲೆ ಖರೀದಿಯ ಕಂಪನಿಯಿಂದ. ಮಾರ್ಲ್‌ಬರೊ, ಕ್ಯಾಮಲ್ ಅಮೆರಿಕದ ಮಿಶ್ರಣ: ವರ್ಜೀನಿಯಾದ ಜೊತೆ ನೆರಳಿನಲ್ಲಿ ಗಾಳಿಗೆ ಒಣಗಿಸಿದ ಬರ್ಲಿ, ಸ್ವಲ್ಪ ಟರ್ಕಿ ಕಡೆಯ ಸಣ್ಣ ಎಲೆ. ಬರ್ಲಿಯಲ್ಲಿ ಸಕ್ಕರೆ ಇಲ್ಲ, ಅದಕ್ಕೆ ಪಾಕ ಹೀರಿಸುತ್ತಾರೆ. 1913ರಲ್ಲಿ ಕ್ಯಾಮಲ್ ಆ ಮಿಶ್ರಣವನ್ನು ಅಮೆರಿಕದುದ್ದಕ್ಕೂ ಹರಡಿತು. ನಾಲಗೆಗೆ ಒಂದು ರೂಢಿಯಾದ ಮೇಲೆ ಇನ್ನೊಂದು ಹಿಡಿಸುವುದಿಲ್ಲ.

ಇಡೀ ಉದ್ಯಮ ನಿಂತದ್ದೇ ಒಂದು ಯಂತ್ರದ ಮೇಲೆ. ಕೈಯಲ್ಲಿ ಸುತ್ತುವವನು ದಿನಕ್ಕೆ ಎರಡು ಮೂರು ಸಾವಿರ ಸಿಗರೇಟು ಮಾಡಿದರೆ ಹೆಚ್ಚು. ಬೊನ್ಸಾಕ್ ಎಂಬ ಹುಡುಗ 1880ರ ಸುಮಾರಿಗೆ ಕಂಡುಹಿಡಿದ ಯಂತ್ರ ದಿನಕ್ಕೆ ಒಂದು ಲಕ್ಷ ದಾಟಿಸಿತು. ಯಂತ್ರಕ್ಕೆ ಎಲ್ಲ ಎಲೆಯೂ ಒಂದೇ ತೇವ, ಒಂದೇ ಅಗಲ ಇರಬೇಕು. ಅಲ್ಲಿಂದ ಎಲೆಯ ಒಳ್ಳೆಯದು ಕೆಟ್ಟದನ್ನು ಯಂತ್ರ ಹೇಳತೊಡಗಿತು.

ಮಂಜೇಶ್ವರ_ಮೇಲ್
ಚಾರ್ಮಿನಾರ್ ಸೇದಿದವರು ಯಾರೂ ಇಲ್ಲವೇ? ಫಿಲ್ಟರ್ ಇಲ್ಲದ್ದು, ಹೈದರಾಬಾದಿನದು. ನಮ್ಮ ಕಾಲೇಜಿನಲ್ಲಿ ಕವಿತೆ ಬರೆಯುವವರೆಲ್ಲ ಅದನ್ನೇ ಸೇದುತ್ತಿದ್ದರು. ಕವಿತೆಗೂ ಅದಕ್ಕೂ ಒಂದೇ ಕೆಮ್ಮು.

ಗಲ್ಫ್_ರಿಟರ್ನ್_ಮೊಗ್ರಾಲ್
ಐವತ್ತರ ದುಂಡನೆ ತಗಡಿನ ಡಬ್ಬಿ ನೆನಪಿದೆಯೇ ಯಾರಿಗಾದರೂ? ಮುಚ್ಚಳದಲ್ಲಿ ಸಣ್ಣ ಹಲ್ಲು, ಅದನ್ನು ಒತ್ತಿ ತಿರುಗಿಸಿದರೆ ಒಳಗಿನ ತಗಡು ಕತ್ತರಿಸಿ ಉಸ್ಸೆಂದು ಗಾಳಿ ಬರುತ್ತಿತ್ತು. ಆ ಡಬ್ಬಿ ನಮ್ಮ ಮನೆಯಲ್ಲಿ ಇನ್ನೂ ಇದೆ, ಉಮ್ಮ ಅದರಲ್ಲಿ ಸೂಜಿ ನೂಲು ಇಡುತ್ತಾರೆ.

ಉಪ್ಪಳ_ಎಂಜಿನಿಯರ್
ಹಳೆಯ ಸಿಗರೇಟು ರುಚಿಯಾಗಿತ್ತು ಎನ್ನುವುದರಲ್ಲಿ ಆ ಡಬ್ಬಿಯ ಪಾಲು ಬಹಳ. ಗಾಳಿಯಾಡದೆ ತೇವ ನಿಲ್ಲುತ್ತಿತ್ತು. ಸಿಗರೇಟಿನ ಎಲೆಗೆ 12–14 ಶೇಕಡಾ ತೇವ ಹದ. ಇಳಿದರೆ ಎಳೆ ಮುರಿದು ಹುಡಿಯಾಗಿ ತುದಿಯಿಂದ ಉದುರುತ್ತದೆ, ಹೊಗೆ ಬಿಸಿಯಾಗಿ ಗಂಟಲು ಸುಡುತ್ತದೆ. ಏರಿದರೆ ಬೂಸಲು. ಗೂಡಂಗಡಿಯವರೇ, ನಿಮ್ಮ ಪ್ಯಾಕುಗಳು ಎಲ್ಲಿ ಇರುತ್ತವೆ?

ಕುಂಬಳೆ_ಗೂಡಂಗಡಿ
ಎದುರಿನ ಗಾಜಿನ ಪೆಟ್ಟಿಗೆಯಲ್ಲಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದರ ಮೇಲೆ ಪಶ್ಚಿಮದ ಬಿಸಿಲು.

ಉಪ್ಪಳ_ಎಂಜಿನಿಯರ್
ಹಾಗಾದರೆ ಅಜ್ಜ ಬೈಯುವುದರಲ್ಲಿ ಅರ್ಧ ಕಂಪನಿಗೆ, ಅರ್ಧ ನಿಮಗೆ.

ನೀರ್ಚಾಲು_ನರ್ಸ್
ನಾನೊಂದು ಮಾತು ಹೇಳಲೇಬೇಕು, ಯಾರೂ ಕೋಪಿಸಿಕೊಳ್ಳಬೇಡಿ. ಒಳ್ಳೆಯ ಎಲೆ, ಕೆಟ್ಟ ಎಲೆ ಎಂದು ಇಷ್ಟು ಹೊತ್ತು ಮಾತಾಡಿದಿರಿ. 1950ರಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಡಾಲ್ ಮತ್ತು ಹಿಲ್ ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ತೋರಿಸಿದಾಗ ಆ ರೋಗಿಗಳು ಸೇದಿದ್ದು ನೀವು ಹೊಗಳುವ ಅದೇ ಹಳೆಯ ಕಾಲದ ಸಿಗರೇಟು. ನರ ಬೆರೆಸಿದ್ದಲ್ಲ, ಗಾಳಿ ತುಂಬಿದ್ದಲ್ಲ.

ಬೀಡಿಯಲ್ಲಿ ಹುಡಿ ಕಡಿಮೆ, ಹಾಗಾಗಿ ತೊಂದರೆಯೂ ಕಡಿಮೆ ಎನ್ನುವವರನ್ನು ವಾರ್ಡಿನಲ್ಲಿ ದಿನವೂ ನೋಡುತ್ತೇನೆ. ಬೀಡಿಯ ಎಲೆಗೆ ಕಾಗದದಂತೆ ಗಾಳಿ ಹಾಯುವ ರಂಧ್ರಗಳಿಲ್ಲ, ಆರಿಹೋಗದಂತೆ ಬೇಗಬೇಗ ಜೋರಾಗಿ ಎಳೆಯಬೇಕು. ಟಾರೂ ಕಾರ್ಬನ್ ಮಾನಾಕ್ಸೈಡೂ ಒಳಗೆ ಹೋಗುವುದು ಸಿಗರೇಟಿಗಿಂತ ಹೆಚ್ಚು.

ಪಿರಿಯಾಪಟ್ಟಣದ_ಅಳಿಯ
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಕೆ. ಎಲೆ ಬೇಯಿಸುವ ರೀತಿಯಿಂದಲೂ ವಿಷ ಹೆಚ್ಚುಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಗ್ಯಾಸ್ ಉರಿಯನ್ನು ನೇರವಾಗಿ ಬ್ಯಾರನ್ ಒಳಗೆ ಬಿಡುತ್ತಿದ್ದರು. ಆ ಹೊಗೆ ಎಲೆಗೆ ತಾಗಿ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕ ಹೆಚ್ಚುತ್ತದೆ ಎಂದು ಗೊತ್ತಾಗಿ, 2000ದ ಆಸುಪಾಸಿನಲ್ಲಿ ಬ್ಯಾರನ್‌ಗಳನ್ನೆಲ್ಲ ಬದಲಾಯಿಸಬೇಕಾಯಿತು. ನಮ್ಮ ಕೊಳವೆಯ ಹಳೇ ಪದ್ಧತಿಯಲ್ಲಿ ಆ ತೊಂದರೆ ಕಡಿಮೆ. ಆದರೆ ನಮ್ಮದಕ್ಕೆ ಬೇಕಾದ ಸೌದೆ? ಆ ಕಡೆ ಒಂದು ಸುತ್ತು ಹಾಕಿ ನೋಡಿ, ಮರ ಎಲ್ಲಿ ಉಳಿದಿದೆ ಎಂದು.

ನೀರ್ಚಾಲು_ನರ್ಸ್
ಕಡಿಮೆ ಎಂದರೆ ಇಲ್ಲ ಎಂದಲ್ಲವಲ್ಲ ಅಣ್ಣ. ಗೂಡಂಗಡಿಯವರಿಗೆ ಒಂದು ಪ್ರಶ್ನೆ: ನಿಮ್ಮ ಅಂಗಡಿಯಿಂದ ಶಾಲೆ ಎಷ್ಟು ದೂರ? 2003ರ ಕಾಯಿದೆಯ ಪ್ರಕಾರ ಶಾಲೆಯ 100 ಗಜದೊಳಗೆ ಮಾರುವಂತಿಲ್ಲ.

ಕುಂಬಳೆ_ಗೂಡಂಗಡಿ
ಅದಕ್ಕಿಂತ ಆಚೆ ಇದೆ ಅಕ್ಕ, ಪಂಚಾಯತಿನವರು ಬಂದು ಟೇಪು ಹಿಡಿದು ಹೋಗಿದ್ದಾರೆ. ಮಕ್ಕಳಿಗೆ ಕೊಡುವುದಿಲ್ಲ. ಅಪ್ಪ ಕಳಿಸಿದ್ದು ಎಂದರೂ ಕೊಡುವುದಿಲ್ಲ, ಅಪ್ಪ ಬರಲಿ.

ಪೆರ್ಲ_ಮಾಸ್ತರು
ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ತಡೆಯಬೇಕು ಎಂದು ಕೇರಳ ಹೈಕೋರ್ಟ್ 1999ರಲ್ಲೇ ತೀರ್ಪು ಕೊಟ್ಟಿತು, ಕೇಂದ್ರದ ಕಾಯಿದೆಗೂ ಮೊದಲು. ಆ ವರ್ಷ ಕಾಸರಗೋಡು ಬಸ್ ನಿಲ್ದಾಣದಲ್ಲಿ ಪೊಲೀಸರನ್ನು ಕಂಡು ಉರಿಯುವ ಬೀಡಿಯನ್ನು ಅಂಗೈಯಲ್ಲಿ ಮುಚ್ಚಿ ನಿಂತ ಹಿರಿಯರೊಬ್ಬರ ಮುಖವನ್ನು ನೋಡಬೇಕಿತ್ತು ನೀವು.

ತಾಳವಾಡಿ_ತಿಮ್ಮ
ಯಾರಿಗಾದರೂ ಮಂಗಳೂರು ನಶ್ಯ ಈಗಲೂ ಎಲ್ಲಿ ಸಿಗುತ್ತದೆ ಎಂದು ಗೊತ್ತೇ? ನಮ್ಮ ಅಜ್ಜಿಗೆ ಬೇಕಂತೆ. ಇಲ್ಲಿಯ ಮದರಾಸು ನಶ್ಯಕ್ಕೆ ಸೀನೇ ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ.

ನೀರ್ಚಾಲು_ನರ್ಸ್
ನಾನು ಇಷ್ಟು ಬರೆದ ಮೇಲೂ!

ಮಂಜೇಶ್ವರ_ಮೇಲ್
ತಿಮ್ಮಣ್ಣ, ಗಡಹಿಂಗ್ಲಜದ ಗೌಡರ ಜೊತೆ ಅಜ್ಜಿಯನ್ನು ನಿಪ್ಪಾಣಿಯ ವಖಾರದ ಬೀದಿಗೆ ಕಳಿಸಿ. ದುಡ್ಡಿಲ್ಲದೆ ಸೀನು.

ಗಡಹಿಂಗ್ಲಜ_ಗೌಡ
ಕರೆದುಕೊಂಡು ಬನ್ನಿ, ಊಟ ನಮ್ಮಲ್ಲಿ. ಆದರೆ ಈಗ ಆ ಕಡೆ ಬಹಳ ಜನ ಕಬ್ಬಿಗೆ ತಿರುಗಿದ್ದಾರೆ. ಸೀನು ಬೇಕಾದರೆ ಬೇಗ ಬರಬೇಕು.

ಬಾಯಾರು_ಭಾವ
ಅಡಿಕೆ ಸುಲಿದು ಬಂದೆ. ದಿನೇಶಿನವರು ಈಗ ಬೀಡಿಗಿಂತ ಕೊಡೆ, ತೆಂಗಿನ ಹಾಲು ಎಂದು ಬೇರೆ ಬೇರೆ ಮಾಡುತ್ತಾರಲ್ಲ, ಆ ಕೊಡೆ ಗಟ್ಟಿ ಇದೆಯೇ? ಹೊಸದುರ್ಗದ ಅಕ್ಕ ಹೇಳಬೇಕು.

ಹೊಸದುರ್ಗದವಳು
ಮೂರು ಮಳೆಗಾಲ ಕಂಡದ್ದು ನಮ್ಮಲ್ಲಿದೆ. ಕೊಳ್ಳಿ. ಕಾಯಿದೆ ಪಾಲಿಸಿ ಮಾಡಿದ ಕೊಡೆ, ನಿಮಗೆ ಸ್ವಲ್ಪ ಭಾರ ಅನ್ನಿಸಬಹುದು.